ಅವನು ಹಾಕಿಸಿದ ಹಾರ್ನ್

ಜನವರಿ 9, ಸೋಮವಾರ

ಉಪವಾಸ. ಒಂದು ಲೋಟ ಹಾಲು ಮಾತ್ರ. ಐದಕ್ಕೆ ಎದ್ದೆ. ನೀರು ತುಂಬಿ, ಪಾತ್ರೆ ತಿಕ್ಕಿ, ಬಟ್ಟೆ ನೆನೆಹಾಕಿ, ದೇವರ ಮುಂದೆ ದೀಪ ಹಚ್ಚುವಷ್ಟರಲ್ಲಿ ಶೆಡ್ಡಿನಿಂದ ಟಣ್ ಟಣ್ ಶುರು. ಇವರಿಗೆ ತಮ್ಮ ಮುಖ ತೊಳೆಯುವ ಮೊದಲು ಪಿಕಪ್ಪಿನ ಮುಖ ನೋಡಬೇಕು.

ಇದು ಹದಿನೇಳನೆಯ ಸೋಮವಾರ. ಸೊಸೆ ಅಣ್ಣನ ಮನೆಗೆ ಹೋಗಿ ನಾಲ್ಕು ತಿಂಗಳು. ಹದಿನೈದು ದಿನ ಇದ್ದು ಬರ್ತೀನಿ ಅತ್ತೆ ಎಂದು ಹೋದವಳು. ಅವಳು ಮತ್ತೆ ಈ ಹೊಸ್ತಿಲು ತುಳಿಯುವವರೆಗೆ ಸೋಮವಾರ ಅನ್ನ ಮುಟ್ಟುವುದಿಲ್ಲ ಎಂದು ದೇವರಿಗೆ ಹೇಳಿಕೊಂಡಿದ್ದೇನೆ. ಇವರಿಗೆ ಹೇಳಿಲ್ಲ. ಮೊಣಕಾಲು ನೋವಿಗೆ ಹರಕೆ ಎಂದು ತಿಳಿದಿದ್ದಾರೆ. ತಿಳಿದುಕೊಳ್ಳಲಿ.

ಗಾಡಿ ನಮ್ಮ ಮಾವನವರ ಕಾಲದ್ದು. ನಾನು ಮದುವೆಯಾಗಿ ಬಂದಾಗಲೇ ಅದಕ್ಕೆ ವಯಸ್ಸಾಗಿತ್ತು. ಇಪ್ಪತ್ತು ವರ್ಷ ಶೆಡ್ಡಿನಲ್ಲಿ ಕೋಳಿ ಮಲಗುವ ಜಾಗವಾಗಿತ್ತು. ಮಗ ಅದನ್ನು ಹೊರಗೆಳೆದು ಬಿಚ್ಚಿದ. ಆಗಷ್ಟೇ ಅವನ ಮದುವೆಯಾಗಿತ್ತು. ಗಂಡ ಹೆಂಡತಿ ಗಾಡಿಯ ಅಡಿಯಲ್ಲೇ ಸಂಸಾರ ಹೂಡಿದರು ಎನ್ನಬೇಕು — ನಾಲ್ಕು ಪಾದ ಕಾಣುತ್ತಿತ್ತು, ನಗು ಕೇಳುತ್ತಿತ್ತು, ಊಟಕ್ಕೆ ಕರೆದರೆ ಇಬ್ಬರಿಗೂ ಕಿವಿಯಿಲ್ಲ.

ಆಮೇಲೆ ಮಗನಿಗೆ ಒಂಬತ್ತು ದಿನದ ಜ್ವರ. ಅವನು ಹೋಗಿ ಮೊನ್ನೆಗೆ ವರ್ಷ.

ಆಮೇಲೂ ಎಂಟು ತಿಂಗಳು ಸೊಸೆ ನಮ್ಮ ಜೊತೆಗೇ ಇದ್ದಳು. ಮಾವನ ಜೊತೆ ಕೂತು ಎರಡೂ ಬಾಗಿಲಿನ ತುಕ್ಕು ತಿಕ್ಕಿದವಳು ಅವಳೇ. ಗಾಡಿಯ ಕೆಲಸ ಮುಗಿದ ದಿನ ಅದರಲ್ಲೇ ಹೋಗಿ ಅವಳನ್ನು ಕರೆತರುವುದು. ನಾವಿಬ್ಬರೂ ಬಾಯಿಬಿಟ್ಟು ಆಡಿದ ಮಾತಲ್ಲ. ಇಬ್ಬರಿಗೂ ಗೊತ್ತು.

ಜನವರಿ 16, ಸೋಮವಾರ

ಉಪವಾಸ. ಖಾಲಿ ಹೊಟ್ಟೆಯಲ್ಲಿ ಜಗಳವೂ ಆಯಿತು.

ಮಗ ಗಾಡಿಯನ್ನು ತನಗೆ ಬೇಕಾದ ಹಾಗೆ ಬದಲಾಯಿಸುತ್ತಿದ್ದ. ಹಳೆಯ ಉದ್ದ ಸೀಟು ಕಿತ್ತು ಯಾವುದೋ ಕಾರಿನ ಎರಡು ಸೀಟು ಕೂರಿಸಿದ್ದ. ಚಿಕ್ಕ ಸ್ಟೇರಿಂಗ್. ಅಗಲ ಟೈರು. ಮೂರು ಸ್ವರ ಹೊರಡುವ ಹಾರ್ನ್. ಇವರಿಗೆ ಅದೊಂದೂ ಸೇರುತ್ತಿರಲಿಲ್ಲ. ಮೂವತ್ತು ವರ್ಷ ವರ್ಕ್‌ಶಾಪಿನಲ್ಲಿ ಸವೆದವರು. ಗಾಡಿ ಕಂಪನಿಯಿಂದ ಹೇಗೆ ಬಂತೋ ಹಾಗೇ ಇರಬೇಕು. ಅಪ್ಪ ಮಗನಿಗೆ ಇದೇ ಜಟಾಪಟಿ. ಈಗ ಎದುರು ಮಾತಾಡುವವನಿಲ್ಲ. ಒಂದೊಂದೇ ಬಿಚ್ಚಿ ಮೊದಲಿನ ಹಾಗೆ ಮಾಡುತ್ತಿದ್ದಾರೆ.

ಇವತ್ತು ಸೀಟಿಗೆ ಕೈಹಾಕಿದರು. ನನಗೆ ತಡೆಯಲಾಗಲಿಲ್ಲ. ಅವನು ಮಾಡಿದ್ದನ್ನೆಲ್ಲ ಕಿತ್ತರೆ ಅವನದು ಅಂತ ಏನು ಉಳೀತು ಎಂದು ಕೇಳಿದೆ. ನಾಲ್ಕೂ ಬೋಲ್ಟ್ ಬಿಚ್ಚಿದ ಮೇಲೆ ಇವರು ಹೇಳಿದರು —

"ಎರಡೇ ಸೀಟಾದ್ರೆ ಅವಳನ್ನ ಎಲ್ಲಿ ಕೂರಿಸ್ತೀಯೇ? ಹಿಂದೆ, ಮೂಟೆ ಹಾಗಾ?"

ಹೋಗಿ ಹೊಲಿಗೆ ಮೆಷಿನ್ನಿನ ಧೂಳು ಒರೆಸಿದೆ. ಉದ್ದ ಸೀಟಿಗೆ ಕವರ್ ನಾನೇ ಹೊಲಿಯುತ್ತೇನೆ. ಮೂವರು ಕೂರುವಷ್ಟು ಅಗಲ. ನಡುವೆ ಅವಳು.

ಜನವರಿ 22, ಭಾನುವಾರ

ಪೇಂಟರ್ ಬಂದಿದ್ದ. ಪುಟ್ಟಿ ಹಚ್ಚಿ, ಉಜ್ಜಿ, ಮತ್ತೆ ಹಚ್ಚಿ... ಬಾಗಿಲನ್ನು ಮಗುವಿನ ಬೆನ್ನು ಸವರುವ ಹಾಗೆ ಸವರುತ್ತಾನೆ. ಇವರು ಐದು ಪದರ ಕೆರೆದು ಕಂಪನಿಯ ಬಣ್ಣ ಕಂಡುಹಿಡಿದಿದ್ದಾರೆ. ಹಸಿರು ಎನ್ನುತ್ತಾರೆ. ನನ್ನ ಕಣ್ಣಿಗೆ ನೀಲಿ. ಪೇಂಟರ್ ಅಂದ, ಮೂವತ್ತು ವರ್ಷ ಸಂಸಾರ ಮಾಡಿದ್ದೀರಿ, ಒಂದು ಬಣ್ಣಕ್ಕೆ ರಾಜಿಯಾಗೋಕೆ ಆಗಲ್ವಾ ಅಮ್ಮ? ಇವರೂ ನಕ್ಕರು. ಎಷ್ಟು ದಿನವಾಗಿತ್ತು.

ಪೇಂಟರನ ಅಕ್ಕನನ್ನು ಕೊಟ್ಟಿರುವುದು ಸೊಸೆಯ ಅಣ್ಣನ ಬೀದಿಗೇ. ತಿಂಗಳಿಗೆ ಒಂದೆರಡು ಭಾನುವಾರ ಹೋಗಿಬರುತ್ತಾನೆ. ಹುಡುಗಿ ಹೇಗಿದ್ದಾಳೆ ಎಂದು ಕೇಳಿದೆ. ಚೆನ್ನಾಗಿದ್ದಾರೆ ಅಮ್ಮ ಎಂದು ಡಬ್ಬದೊಳಗೆ ಕಡ್ಡಿ ತಿರುಗಿಸಿದ. ತಿರುಗಿಸುತ್ತಲೇ ಇದ್ದ.

ಸಂಜೆ ಫೋನ್ ಮಾಡಿದೆ. ಅವಳ ಅತ್ತಿಗೆ ತೆಗೆದುಕೊಂಡಳು. ಸ್ನಾನಕ್ಕೆ ಹೋಗಿದ್ದಾಳಂತೆ. ಮೊನ್ನೆಯೂ ಸ್ನಾನ, ಅದರ ಹಿಂದಿನ ವಾರವೂ ಸ್ನಾನ. ಎಷ್ಟು ಮೀಯುತ್ತದೆಯೋ ಹುಡುಗಿ.

ಫೆಬ್ರವರಿ 3, ಶುಕ್ರವಾರ

ಬ್ರೇಕಿನ ಎಣ್ಣೆ ಪೈಪಿನಲ್ಲಿ ಸೇರಿದ ಗಾಳಿ ತೆಗೆಯುವ ಕೆಲಸ. ಇದಕ್ಕೆ ಇಬ್ಬರು ಬೇಕು. ಇವರು ಕೆಳಗೆ ಚಕ್ರದ ಹತ್ತಿರ ಅಂಗಾತ. ನಾನು ಮೇಲೆ ಪೆಡಲ್ ಮೇಲೆ ಕಾಲಿಟ್ಟುಕೊಂಡು. ತಗಡಿಗೆ ಒಂದು ಸಲ ಕುಟ್ಟಿದರೆ ಒತ್ತಿ ಹಿಡಿಯಬೇಕು. ಎರಡು ಸಲ ಕುಟ್ಟಿದರೆ ಬಿಡಬೇಕು. ಮದುವೆಯಾದ ವರ್ಷ ಕಲಿಸಿದ್ದು. ಕೊನೆಕೊನೆಗೆ ಆ ಜಾಗದಲ್ಲಿ ಸೊಸೆ ಕೂರುತ್ತಿದ್ದಳು.

ಮೂರನೆಯ ಚಕ್ರಕ್ಕೆ ಬಂದಾಗ ಒಂದು ಸಲ ಕುಟ್ಟಿದರು. ಒತ್ತಿ ಹಿಡಿದೆ. ಎಷ್ಟು ಹೊತ್ತಾದರೂ ಮುಂದಿನದು ಇಲ್ಲ. ಕಾಲು ನಡುಗತೊಡಗಿತು. ಬಿಡುವ ಹಾಗಿಲ್ಲ, ಬಿಟ್ಟರೆ ಗಾಳಿ ಮತ್ತೆ ಒಳಗೆ. ಬಾಗಿಲಿನಿಂದ ಬಗ್ಗಿ ನೋಡಿದೆ. ಬೋಲ್ಟ್ ಬಿಚ್ಚುವ ಪಾನಾ ಇವರ ಎದೆಯ ಮೇಲಿತ್ತು. ಮೊಣಕೈ ಕಣ್ಣಿಗೆ ಅಡ್ಡ ಇಟ್ಟುಕೊಂಡು ಅಳುತ್ತಿದ್ದರು. ಮಗ ಹೋದಾಗಲೂ ನನ್ನೆದುರು ಅತ್ತವರಲ್ಲ.

ನಾನು ಇಳಿಯಲಿಲ್ಲ. ಪೆಡಲ್ ಹಿಡಿದುಕೊಂಡೇ ಕೂತಿದ್ದೆ. ಬಹಳ ಹೊತ್ತಿನ ಮೇಲೆ ಟಕ್ ಟಕ್ ಎಂದಿತು.

ಮಧ್ಯಾಹ್ನ ಹಾರ್ನಿನ ಮಾತು ಬಂತು. ಇವರು ಹಳೆಯ ಹಾರ್ನ್ ಹುಡುಕಿಟ್ಟಿದ್ದಾರೆ, ಕೆಮ್ಮಿದ ಹಾಗೆ ಕೂಗುತ್ತದೆ. ಬೇಡ ಎಂದೆ. ಸೀಟು ಬಿಟ್ಟೆ, ಸ್ಟೇರಿಂಗ್ ಬಿಟ್ಟೆ, ಟೈರು ಬಿಟ್ಟೆ. ಹಾರ್ನ್ ಒಂದು ಅವನದೇ ಇರಲಿ ಎಂದೆ. ಅವನ ಬೈಕಿಗೂ ಅದೇ ಇತ್ತು. ಮನೆಗೆ ಬಂದರೆ ಗೇಟಿನಲ್ಲಿ ಎರಡು ಸಲ ಹೊಡೆಯುತ್ತಿದ್ದ, ಸೊಸೆ ಕೈಯಲ್ಲಿದ್ದದ್ದು ಬಿಟ್ಟು ಓಡುತ್ತಿದ್ದಳು. ಇವರು ವೈರ್ ಅದಕ್ಕೇ ಕೊಟ್ಟರು. ನನಗೆ ಗೆದ್ದ ಹಾಗಾಯಿತು.

ಫೆಬ್ರವರಿ 12, ಭಾನುವಾರ

ಸ್ಟಾರ್ಟ್ ಆಯಿತು! ಹೊಗೆ, ಗಡಗಡ, ಆಮೇಲೆ ಒಂದೇ ಸಮ. ಇವರು ಬಾನೆಟ್ ಮೇಲೆ ಅಂಗೈ ಇಟ್ಟು ನಿಂತರು, ನಾಡಿ ನೋಡುವವರ ಹಾಗೆ.

ಸೀಟಿನ ಕವರ್ ಸರಿಯಾಗಿ ಕೂತಿದೆ. ಬಣ್ಣ ಬಿಸಿಲಿನಲ್ಲಿ ಹಸಿರು, ನೆರಳಿನಲ್ಲಿ ನೀಲಿ. ಇಬ್ಬರೂ ಗೆದ್ದೆವು.

ಗುರುವಾರ ಹೋಗುವುದು. ಫೋನ್ ಮಾಡಿ ಹೇಳೋಣವೇ ಎಂದು ಇವರು ಕೇಳಿದರು. ಬೇಡ ಎಂದದ್ದು ನಾನು. ಫೋನ್ ಮಾಡಿದರೆ ಮತ್ತೆ ಸ್ನಾನಕ್ಕೆ ಹೋಗಿರುತ್ತಾಳೆ. ಗಾಡಿ ಬಾಗಿಲಿಗೇ ಹೋಗಿ ನಿಂತರೆ ಹೇಗೆ ಇಲ್ಲ ಅನ್ನುತ್ತಾರೆ?

ಫೆಬ್ರವರಿ 16, ಗುರುವಾರ, ಬೆಳಿಗ್ಗೆ

ಹೊರಟಿದ್ದೇವೆ. ಅವಳ ಕೋಣೆ ಗುಡಿಸಿದೆ. ಹಾಸಿಗೆಗೆ ತೊಳೆದ ಹೊದಿಕೆ. ಇವರು ಇಸ್ತ್ರಿ ಅಂಗಿ ಹಾಕಿದ್ದಾರೆ, ಉಗುರಿನ ಗ್ರೀಸ್ ಮಾತ್ರ ಹೋಗಿಲ್ಲ. ದೇವರೇ, ಮೂವರನ್ನೂ ಒಟ್ಟಿಗೆ ಮನೆ ಸೇರಿಸು.

ಫೆಬ್ರವರಿ 25, ಶನಿವಾರ

ಇಷ್ಟು ದಿನ ಈ ಪುಸ್ತಕ ಮುಟ್ಟಲಿಲ್ಲ. ಯಾರಿಗೂ ಹೇಳುವ ಹಾಗಿಲ್ಲ. ಇಲ್ಲಾದರೂ ಬರೆದಿಡುತ್ತೇನೆ.

ಆ ಗುರುವಾರ ಹನ್ನೊಂದು ಗಂಟೆಯ ಹೊತ್ತಿಗೆ ಸೊಸೆಯ ಅಣ್ಣನ ಮನೆ ಗೇಟಿನ ಮುಂದೆ ನಿಂತೆವು. ಒಂದು ಬಿಳಿ ಕಾರು ನಿಂತಿತ್ತು. ವರಾಂಡದಲ್ಲಿ ನಾಲ್ಕೈದು ಜೊತೆ ಚಪ್ಪಲಿ. ಯಾರೋ ನೆಂಟರು ಎಂದುಕೊಂಡೆ. ಇವರು ಇಳಿದು ಗೇಟು ತೆಗೆಯಲು ಹೊರಟರು. ನಾನು ಬೇಡ ಎಂದೆ. ಬೇಡ ಎಂದವಳು ನಾನೇ. "ಕೂತ್ಕೊಳ್ಳಿ. ಹಾರ್ನ್ ಹೊಡೀರಿ. ಎರಡು ಸಲ."

ಹೊಡೆದರು.

ಒಳಗಿನಿಂದ ಅವಳು ಓಡಿ ಬಂದಳು. ಬರಿಗಾಲು. ಒಳ್ಳೆಯ ಸೀರೆ, ಮುಡಿಯಲ್ಲಿ ಹೂವು, ಕೈಯಲ್ಲಿ ಚಹಾದ ಟ್ರೇ — ಅದನ್ನು ಇಡುವುದೂ ಮರೆತಿತ್ತು. ಮುಖ... ಆ ಮುಖವನ್ನು ಏನೆಂದು ಬರೆಯಲಿ? ಎರಡು ವರ್ಷದ ಹಿಂದಿನ ಮುಖ. ಗೇಟಿನವರೆಗೂ ಅದೇ ಮುಖದಲ್ಲಿ ಬಂದಳು. ಆಮೇಲೆ ಸ್ಟೇರಿಂಗ್ ಹಿಂದೆ ಇದ್ದವರನ್ನು ನೋಡಿದಳು. ಮಾವ. ಪಕ್ಕದಲ್ಲಿ ನಾನು.

ಟ್ರೇ ಬೀಳಲಿಲ್ಲ. ಬಿದ್ದಿದ್ದರೆ ಒಳ್ಳೆಯದಿತ್ತು, ಏನಾದರೂ ಸದ್ದಾಗುತ್ತಿತ್ತು. ಹಾಗೇ ಹಿಡಿದುಕೊಂಡು ನಿಂತಳು. ಅವಳ ಹಿಂದೆ ವರಾಂಡದಲ್ಲಿ ಒಬ್ಬೊಬ್ಬರೇ ಬಂದು ನಿಂತರು. ಅವಳನ್ನು ನೋಡಲು ಬಂದವರು. ಸಂಬಂಧದ ಮಾತಿಗೆ ಬಂದವರು.

ಅವಳ ಅಣ್ಣ ಕೆಟ್ಟವನಲ್ಲ. ಬಂದು ಕೈಮುಗಿದ. ಒಂದು ಮಾತು ಫೋನ್ ಮಾಡಿ ಬರಬಹುದಿತ್ತು ಎಂದ, ಅಷ್ಟೇ. ಒಳಗೆ ಕರೆದ. ಯಾವ ಮುಖ ಹೊತ್ತು ಹೋಗುವುದು? ಇವರು, ಈ ಕಡೆ ಬಂದಿದ್ದೆವು, ಗಾಡಿ ತೋರಿಸಿ ಹೋಗೋಣ ಅಂತ ಬಂದೆವು ಎಂದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಕಿವಿ ಕೆಂಪಾಯಿತು. ಅವಳು ಬಾಗಿಲನ್ನು ಮುಟ್ಟಿ ನೋಡಿದಳು, ತಾನು ತಿಕ್ಕಿದ ಬಾಗಿಲು. "ಚೆನ್ನಾಗಿ ಬಂದಿದೆ ಮಾವ" ಎಂದಳು.

ಬರುವಾಗ ನಾವಿಬ್ಬರೂ ಎರಡು ತುದಿಗೆ ಕೂತಿದ್ದೆವು. ಅಷ್ಟು ದೂರದ ದಾರಿಯಲ್ಲಿ ಒಬ್ಬರೂ ನಡುವಿಗೆ ಸರಿಯಲಿಲ್ಲ.

ಮಾರ್ಚ್ 5, ಭಾನುವಾರ

ಪೇಂಟರ್ ಅಕ್ಕನ ಮನೆಯಿಂದ ಬಂದವನೇ ಜೇಬಿನಿಂದ ಕಾಗದ ತೆಗೆದುಕೊಟ್ಟ. ಅವಳ ಅಕ್ಷರ. ಒಲೆಯ ಹತ್ತಿರ ನಿಂತು ಓದಿದೆ. ಕೂತು ಮತ್ತೆ ಓದಿದೆ.

ಫೋನಿನಲ್ಲಿ ಆಗುವುದಿಲ್ಲ ಅತ್ತೆ, ನಿಮ್ಮ ದನಿ ಕೇಳಿದರೆ ಹೇಳಲಾರೆ ಎಂದು ಬರೆದಿದ್ದಾಳೆ. ನೋಡಲು ಬಂದ ವರ ಔಷಧಿ ಅಂಗಡಿ ಇಟ್ಟಿರುವವರು. ಅವತ್ತು ಎಲ್ಲರೂ ಎದ್ದು ಹೋದರಂತೆ. ಮುಗಿಯಿತು ಎಂದುಕೊಂಡಳಂತೆ. ಮಾರನೆಯ ದಿನ ಅವರೊಬ್ಬರೇ ಬಂದು, ಆ ಸದ್ದಿಗೆ ನೀವು ಓಡಿದ್ದು ನೋಡಿದೆ, ಹೋದವರನ್ನು ಮರೆತುಬಿಡಿ ಅಂತ ನಾನು ಯಾವತ್ತೂ ಕೇಳಲ್ಲ, ನಿಮಗೆ ಮನಸ್ಸಿದ್ದರೆ ಹೇಳಿ ಎಂದರಂತೆ. ನಾಳೆಯಲ್ಲ, ಅದರ ಮುಂದಿನ ಸೋಮವಾರ, ಹದಿಮೂರಕ್ಕೆ, ಉತ್ತರ ಕೇಳಲು ಬರುತ್ತಾರೆ.

ಕೊನೆಯ ಸಾಲು ಹಾಗೇ ಇಳಿಸುತ್ತೇನೆ — "ನನಗೆ ಮನಸ್ಸಿದೆ ಅತ್ತೆ. ಆದರೆ ನೀವು ಗಾಡಿ ತಂದದ್ದು ಯಾಕೆ ಅಂತ ನನಗೆ ಗೊತ್ತು. ನೀವು ಬಾ ಅಂದರೆ ಬಂದುಬಿಡುತ್ತೇನೆ. ನಿಮ್ಮ ಕೈಯಲ್ಲಿ ಬರೆದು ಕಳಿಸಿ, ಹಾಗೇ ಮಾಡುತ್ತೇನೆ."

ಇವರಿಗೆ ಓದಿ ಹೇಳಿದೆ. ಎದ್ದು ಶೆಡ್ಡಿಗೆ ಹೋದರು. ಎಲ್ಲೂ ಹೋಗದೆ ನಿಂತಿರುವ ಗಾಡಿಯನ್ನು ತೊಳೆದರು. ತೊಳೆದು ಬಂದು, "ಹೋಗು ಅನ್ನೋಕೆ ನನ್ನ ಬಾಯಲ್ಲಿ ಬರಲ್ಲ ಕಣೇ. ಬೇಡ ಅನ್ನೋಕೂ ಬರಲ್ಲ. ನೀನು ಬರಿ" ಎಂದರು.

ಮಾರ್ಚ್ 6, ಸೋಮವಾರ

ಉಪವಾಸ ಹೌದೋ ಅಲ್ಲವೋ ಗೊತ್ತಿಲ್ಲ. ಊಟ ಮಾಡಲಿಲ್ಲ. ಅವಳು ಬರಲಿ ಎಂದು ಹಿಡಿದದ್ದು. ಈಗ ಏನೆಂದು ಬೇಡಿಕೊಳ್ಳಲಿ? ದೀಪದ ಮುಂದೆ ಸುಮ್ಮನೆ ಕೂತಿದ್ದೆ. ದೇವರೂ ಸುಮ್ಮನಿದ್ದ.

ಅವಳು ಇಪ್ಪತ್ತಾರರ ಹುಡುಗಿ. ಒಂದು ಸಾಲು ಬರೆದರೆ ಸಾಕು, ಬರುತ್ತಾಳೆ. ಈ ಅಡುಗೆಮನೆಯಲ್ಲಿ ನನ್ನ ಪಕ್ಕ ನಿಲ್ಲುತ್ತಾಳೆ. ನಾನು ಸಾಯುವವರೆಗೆ.

ಎಷ್ಟು ಆಸೆಯಾಗುತ್ತದೆ.

ಮಾರ್ಚ್ 9, ಗುರುವಾರ

ಎರಡು ಕಾಗದ ಬರೆದು ಒಲೆಗೆ ಹಾಕಿದೆ. ಮೊದಲನೆಯದರಲ್ಲಿ ಬಹಳ ಸಂತೋಷ ಎಂದು ಬರೆದಿದ್ದೆ, ನಾಲಗೆ ಕಹಿಯಾಯಿತು. ಎರಡನೆಯದರಲ್ಲಿ ಬರೀ ಅಳು. ಓದಿದರೆ ಬಸ್ ಹತ್ತಿಬಿಡುತ್ತಾಳೆ. ಅದು ಗೊತ್ತಿದ್ದೇ ಹಾಗೆ ಬರೆದೆನೇನೋ. ದೇವರು ಕ್ಷಮಿಸಲಿ.

ಮಾರ್ಚ್ 12, ಭಾನುವಾರ, ಬೆಳಿಗ್ಗೆ ಏಳು

ಬರೆದೆ.

ಮೇಲೆ ಚಿರಂಜೀವಿ ಎಂದು ಬರೆದು ಪೆನ್ನು ನಿಂತಿತು. ಮದುವೆಯಾದಾಗಿನಿಂದ ಅವಳಿಗೆ ಚಿರಂಜೀವಿ ಸೌಭಾಗ್ಯವತಿ ಎಂದೇ ಬರೆಯುತ್ತಿದ್ದೆ. ಹೋದ ವರ್ಷದಿಂದ ಆ ಎರಡನೆಯ ಮಾತು ಬರೆಯುವ ಹಾಗಿರಲಿಲ್ಲ. ಇವತ್ತು ಬರೆದೆ. ಇನ್ನೂ ಆಗಿಲ್ಲ, ಇರಲಿ, ನಾನೇ ಮೊದಲು ಕರೆದ ಹಾಗಾಗಲಿ.

ಕೆಳಗೆ ನಾಲ್ಕೇ ಸಾಲು. ಮದುವೆ ಮಾಡಿಕೋ. ಒಳ್ಳೆಯವರ ಹಾಗೆ ಕಾಣುತ್ತಾರೆ. ಮಾವನೂ ಒಪ್ಪಿದ್ದಾರೆ. ನಮ್ಮನ್ನು ನೆನೆಯಬೇಡ ಎಂದು ಬರೆಯುವುದಿಲ್ಲ, ನೆನೆ, ಆದರೆ ನಿನ್ನ ಮನೆಯಲ್ಲಿ ಕೂತು ನೆನೆ.

ಬಾ ಎಂದು ಎಲ್ಲೂ ಬರೆದಿಲ್ಲ. ಹಬ್ಬಕ್ಕೆ ಬಾ ಎಂದೂ ಇಲ್ಲ, ನೋಡಿಕೊಂಡು ಹೋಗು ಎಂದೂ ಇಲ್ಲ. ಒಮ್ಮೆ ಆ ಅಕ್ಷರ ಬಂದರೆ ಕೈ ನಿಲ್ಲುವುದಿಲ್ಲ.

ಇವರು ಓದಿ ಮಡಿಸಿ ಕೊಟ್ಟರು. ಗ್ರೀಸಿನ ಹೆಬ್ಬೆರಳು ಒಂದು ಮೂಲೆಗೆ ಅಂಟಿದೆ.

ಬೆಳಿಗ್ಗೆ ಒಂಬತ್ತೂವರೆ

ಎಂಟಕ್ಕೆ ಬರುತ್ತೇನೆ ಎಂದಿದ್ದ ಪೇಂಟರ್. ಬಂದಿಲ್ಲ. ಹತ್ತರ ಬಸ್ಸಿಗೆ ಅವನು ಅಕ್ಕನ ಮನೆಗೆ ಹೋಗಬೇಕು. ನಾಳೆಯೇ ಸೋಮವಾರ.

ಕಾಗದ ಒಂದು ಸಲ ಬಿಚ್ಚಿದೆ. ಕೊನೆಯ ಸಾಲಿನ ಕೆಳಗೆ ಆ ಒಂದು ಅಕ್ಷರಕ್ಕೆ ಇನ್ನೂ ಜಾಗವಿದೆ. ಪೆನ್ನು ಕೈಯಲ್ಲೇ ಇದೆ.

ಇವರನ್ನು ಕೂಗಿ ಹೇಳಿದ್ದೇನೆ, ಗಾಡಿ ತೆಗೆದುಕೊಂಡಾದರೂ ಹೋಗಿ, ಅವನನ್ನು ಎಬ್ಬಿಸಿಕೊಂಡು ಬನ್ನಿ. ಬಂದು ಈ ಕಾಗದ ನನ್ನ ಕೈಯಿಂದ ತೆಗೆದುಕೊಂಡು ಹೋಗಲಿ, ನಾನು ಇನ್ನೊಂದು ಸಲ ಬಿಚ್ಚುವ ಮೊದಲು—