ತಂಗಿಯ ಸೊಂಟ, ಲಾಂಡ್ರಿಯ ಅವಸರ

ಪ್ರಯೋಗಾಲಯದ ಊಟದ ಕೋಣೆ,
ಮಾರ್ಚ್ ೧೨, ಗುರುವಾರ

ಪ್ರೀತಿಯ ಪುಟ್ಟೀ,

ಸೊಂಟದ ನೋವು ಹೇಗಿದೆ? "ಪರವಾಗಿಲ್ಲ ಅಕ್ಕಾ" ಅನ್ನಬೇಡ, ನಿನ್ನ ಪರವಾಗಿಲ್ಲ ಎಂಥದ್ದು ಅಂತ ನನಗೆ ಗೊತ್ತು. ಅಪ್ಪ ಸರಿಯಾಗಿ ಊಟ ಮಾಡ್ತಿದ್ದಾರಾ? ಈಗಲೂ ಹಾಸಿಗೆಯಿಂದಲೇ ಎಲ್ಲರಿಗೂ ಹುಕುಂ ಹೊರಡಿಸ್ತಿದ್ದಾರಾ?

ನಿನ್ನ ಫೋನು ಬಂದಾಗಿನಿಂದ ನನಗೆ ಮೈಯೆಲ್ಲ ಉರಿ. ಸೊಂಟದ ಕೀಲಿನ ಬಟ್ಟಲಿಗೆ ಸುತ್ತಲೂ ಒಂದು ಮೆತ್ತನೆಯ ಅಂಚು, ಲೇಬ್ರಮ್ ಅಂತಾರಲ್ಲ, ಅದು ಹರಿದಿದೆ. ಹೊಲಿಯಬಹುದು, ಇಲ್ಲ ಹರಿದದ್ದನ್ನು ಕತ್ತರಿಸಿ ತೆಗೆಯಬಹುದು ಅಂತ ಡಾಕ್ಟರು ಎರಡನ್ನೂ ನಿನ್ನ ಮುಂದಿಟ್ಟರು. ಹೊಲಿದರೆ ಊರುಗೋಲು ಹಿಡಿದು, ಭಾರ ಎತ್ತದೆ ಬಹಳ ದಿನ ಇರಬೇಕು. ಕತ್ತರಿಸಿದರೆ ಬೇಗ ಓಡಾಡಬಹುದು. ನೀನು ಕತ್ತರಿಯನ್ನೇ ಆರಿಸಿದೆ. ಬೇಗ ಕೆಲಸಕ್ಕೆ ಮರಳ್ತೀಯ ಅಂತ ನಿನ್ನ ಲಾಂಡ್ರಿಯ ಮೇಲ್ವಿಚಾರಕ "ಶಭಾಷ್" ಅಂದನಂತೆ. ಅನ್ನದೆ ಏನು? ಒದ್ದೆ ಚಾದರದ ಗಂಟು ಹೊತ್ತು ಸೊಂಟ ತಿರುಚೋದು ಅವನಲ್ಲವಲ್ಲ!

ನಾನು ಇಲ್ಲಿ ಮಾಡೋದು ಇದೇ ಕೆಲಸ ಕಣೇ. ದೇಹದಾನ ಮಾಡಿದವರ ಕೀಲನ್ನು ಯಂತ್ರಕ್ಕೆ ಬಿಗಿದು ಎಳೀತೀವಿ. ಅಂಚು ಇಡಿಯಾಗಿದ್ದರೆ ತೊಡೆಮೂಳೆಯ ಗುಂಡು ಬಟ್ಟಲನ್ನು ಬಿಡಲೊಲ್ಲದು, ಒಳಗಿನ ದ್ರವ ಸೋರಲೊಲ್ಲದು. ಕತ್ತರಿಸಿದ ಮೇಲೆ ಎಳೆದರೆ ಸಲೀಸಾಗಿ ಜಾರಿ ಬರುತ್ತೆ. ಹೊಲಿದರೆ ಹಿಡಿತ ಒಂದಷ್ಟು ಮರಳುತ್ತೆ, ಪೂರ್ತಿ ಅಲ್ಲ. ಇದನ್ನೇ ಹಿಡಿದು ನಮ್ಮ ಮೇಡಂ ಹತ್ತಿರ ಕೂಗಾಡಿದೆ. "ಸತ್ತ ಕೀಲು ಕೆಲಸಕ್ಕೆ ಹೋಗಲ್ಲಮ್ಮ, ಗಾಯ ಮಾಯಿಸಿಕೊಳ್ಳೋದೂ ಇಲ್ಲ. ನಮ್ಮ ಯಂತ್ರವನ್ನು ನಿನ್ನ ತಂಗಿಗೆ ನ್ಯಾಯಾಧೀಶ ಮಾಡಬೇಡ" ಅಂದರು. ಸರಿ, ಒಪ್ಪಿದೆ. ಅದಕ್ಕೇ ಹೇಳ್ತೀನಿ, ನನ್ನ ಮಾತನ್ನೂ ನಂಬಬೇಡ, ಡಾಕ್ಟರನ್ನೇ ಕೇಳು: ಹೊಲಿಗೆ ಹಿಡಿಯುವಷ್ಟು ಅಂಚು ನನ್ನಲ್ಲಿ ಉಳಿದಿದೆಯಾ, ಅದು ಹರಿಯುವಂತೆ ಮೂಳೆ ಎಲ್ಲಾದರೂ ಉಜ್ಜುತ್ತಿದೆಯಾ? ಹೊಲಿಯೋಕಾಗಲ್ಲ ಅಂದರೆ ತೆಪ್ಪಗಿರ್ತೀನಿ. ಹೊಲಿಯಬಹುದಾದದ್ದನ್ನು ಲಾಂಡ್ರಿಯ ಅವಸರಕ್ಕೆ ಕತ್ತರಿಸಿ ಎಸೆದರೆ ಮಾತ್ರ ಅದು ಹಗಲುದರೋಡೆ.

ಅಪ್ಪನಿಗೆ ನಮಸ್ಕಾರ. ನಿನಗೆ ಇಷ್ಟು ಬೈಗುಳದ ಜೊತೆ ಒಂದು ಮುತ್ತು.

ನಿನ್ನ ಜಗಳಗಂಟಿ
ಅಕ್ಕ

ಹಾಂ, ಇನ್ನೊಂದು: ಲಾಂಡ್ರಿ ಬರೀ ನೆಪ. ಅಪ್ಪನನ್ನು ಎತ್ತಿ ಕೂರಿಸೋರು ಯಾರು ಅನ್ನೋ ದಿಗಿಲಿಗೆ ನೀನು ಕತ್ತರಿಗೆ ಒಪ್ಪಿದ್ದು, ಅಲ್ವಾ? ಅಣ್ಣನಿಗೆ ಫೋನು ಮಾಡಿದೆ. "ನಾನು ಗಂಡಸು, ಅದೆಲ್ಲ ನನ್ನ ಕೈಲಾಗುತ್ತಾ?" ಅಂದ. "ನಿನ್ನ ಕುಂಡೆ ತೊಳೆದ ಅಪ್ಪನೂ ಗಂಡಸೇ" ಅಂದೆ. ಭಾನುವಾರ ಬರ್ತಾನೆ, ನೀನು ಓಡಾಡೋವರೆಗೂ ಇರ್ತಾನೆ. ಎತ್ತೋದು ಹೇಗೆ ಅಂತ ಬಾಯಲ್ಲಿ ಹೇಳಿಕೊಡು. ಅವನು ಎಷ್ಟೇ ಒದ್ದಾಡಲಿ, ನೀನು ಕೈ ಹಾಕಬೇಡ.