ಅಜ್ಜಿಯ ಕುರ್ಚಿಯನ್ನು ಹೊರಗೆ ಹಾಕಿಸಿದವರಿಗೆ

ಮಾನ್ಯ ತಪಾಸಣಾಧಿಕಾರಿಗಳೇ,

ನಮ್ಮ ಶಿಶುವಿಹಾರದ ಕೋಣೆಯಿಂದ ತಾವು ಒಬ್ಬ ಅಜ್ಜಿಯನ್ನು ಹೊರಗೆ ಕಳಿಸಿದಿರಿ. ಅವರ ಹಿಂದೆಯೇ ನಾಲ್ಕು ವರ್ಷದ ಒಂದು ಮಗುವೂ ಹೊರಗೆ ಹೋಯಿತು. ಎರಡನೆಯದು ತಮ್ಮ ಗಮನಕ್ಕೆ ಬಂದಿರಲಾರದು. ಆದ್ದರಿಂದ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ತಮ್ಮ ಕಚೇರಿಗೇ ಬಂದು ಬೇಡಿಕೊಂಡಾಗ ಸಿಕ್ಕಿದ ಉತ್ತರ, 'ನಿಯಮದಂತೆ ಕ್ರಮ ವಹಿಸಲಾಗಿದೆ' ಎಂಬುದಷ್ಟೇ.

ನಾನು ಈ ಕೆಲಸಕ್ಕೆ ಹೊಸಬಳು. ತರಬೇತಿಯಲ್ಲಿ ಹಾಡು, ಬಣ್ಣ, ಕಾಗದದ ದೋಣಿ ಎಲ್ಲ ಕಲಿಸಿದರು. ಒಂದು ಕೋಣೆ ತುಂಬ ಮೂಗುಗಳನ್ನು ಒರೆಸುತ್ತ ಅದೇ ಹಾಡನ್ನು ಹಾಡುವುದು ಹೇಗೆಂದು ಮಾತ್ರ ಯಾರೂ ಹೇಳಿಕೊಡಲಿಲ್ಲ. ಸಂಜೆ ಮನೆಗೆ ಹೋದ ಮೇಲೂ ಯಜಮಾನರಿಗೆ "ಕೈ ತೊಳೆದ್ರಾ, ತೋರಿಸಿ" ಎನ್ನುವ ಚಟ ಬಿಟ್ಟಿಲ್ಲ. ಆದರೆ ಹೊಟ್ಟೆ ಹುಣ್ಣಾಗುವಷ್ಟು ನಗುವುದೂ ಇಲ್ಲಿಯೇ. ಮೊನ್ನೆ ಒಬ್ಬ ಬಾಗಿಲಲ್ಲೇ ನಿಂತು, "ಮಿಸ್, ಇವತ್ತು ನಾನು ಅಳಲ್ಲ. ನಾಳೆ ಅಳ್ತೀನಿ" ಎಂದು ತಿಳಿಸಿ ಒಳಗೆ ಬಂದ. ಇಷ್ಟು ಸ್ಪಷ್ಟವಾದ ಮುನ್ಸೂಚನೆ ತಮ್ಮ ಇಲಾಖೆಯಿಂದ ನಮಗೆ ಎಂದೂ ಬಂದಿಲ್ಲ.

ಹೊರಗೆ ಹೋದ ಮಗುವನ್ನು ಅಜ್ಜಿ ಕರೆಯುವುದು 'ಜೀರಿಗೆ' ಎಂದು, ಇರುವುದೂ ಅಷ್ಟೇ. ಅಮ್ಮನಿಗೆ ಆಸ್ಪತ್ರೆಯಲ್ಲಿ ಪಾಳಿಯ ಕೆಲಸ, ಬೆಳೆಸಿದ್ದು ಅಜ್ಜಿ. ಶುರುವಿನಲ್ಲಿ ಅಜ್ಜಿಯ ಕೈ ಬಿಟ್ಟರೆ ಉಸಿರು ಕಟ್ಟುವ ಹಾಗೆ ಅಳುತ್ತಿದ್ದಳು. ಆಗ ನಾನೂ ನಮ್ಮ ಮುಖ್ಯೋಪಾಧ್ಯಾಯಿನಿಯವರೂ ಕೂಡಿ ಒಂದು ಉಪಾಯ ಹೂಡಿದೆವು. ಅಜ್ಜಿಗೆ ಮಗುವಿನ ಪಕ್ಕದಲ್ಲೇ ಒಂದು ಕುರ್ಚಿ ಹಾಕಿಕೊಟ್ಟೆವು. ದಿನಾ ಬೆಳಿಗ್ಗೆ, ಮಕ್ಕಳು ಬರುವ ಮುಂಚೆ, ಆ ಕುರ್ಚಿಯನ್ನು ಒಂದು ಗೇಣು ಬಾಗಿಲ ಕಡೆಗೆ ಸರಿಸುತ್ತಿದ್ದೆ. ಮಗುವಿಗೆ ಗೊತ್ತಾಗುತ್ತಿರಲಿಲ್ಲ, ಅಜ್ಜಿಗೆ ಗೊತ್ತಾಗುತ್ತಿತ್ತು. "ಉಪಾಯವಾಗಿ ಓಡಿಸ್ತಾ ಇದೀಯಲ್ಲಮ್ಮ ನನ್ನನ್ನ" ಎಂದು ನಗುತ್ತಿದ್ದರು. ತಾವು ಬಂದ ದಿನ ಕುರ್ಚಿ ಹೊಸ್ತಿಲ ಹತ್ತಿರಕ್ಕೆ ಬಂದಿತ್ತು. ಜೀರಿಗೆ ಜೇಡಿಮಣ್ಣಿನಲ್ಲಿ ಆನೆ ಮಾಡುತ್ತಿದ್ದಳು, ಅಜ್ಜಿಯ ಕಡೆಗೆ ಬೆನ್ನು ಹಾಕಿಕೊಂಡು. ಆ ಬೆನ್ನು ನೋಡಿ ನನಗಾದ ಸಂತೋಷ ಕೆಲಸ ಸಿಕ್ಕಿದ ದಿನವೂ ಆಗಿರಲಿಲ್ಲ.

ಅಷ್ಟರಲ್ಲಿ ತಮ್ಮ ಸವಾರಿ ಬಂತು. ನಾನು ಮೇಜಿನ ಅಡಿಯಲ್ಲಿದ್ದೆ. ಅಲ್ಲಿ ಸಂಸಾರ ಹೂಡಿದ್ದ ಇಬ್ಬರನ್ನು ಪುಸಲಾಯಿಸಿ ಹೊರಗೆ ತರುವುದೂ ನನ್ನ ಕೆಲಸವೇ. ಕೋಣೆಯಲ್ಲಿ ಕಂಡ ಒಬ್ಬರೇ ದೊಡ್ಡವರನ್ನು ತಾವು ಶಿಕ್ಷಕಿ ಎಂದುಕೊಂಡಿರಿ.

"ಎಷ್ಟು ವರ್ಷದಿಂದ ಮಾಡ್ತಿದೀರಮ್ಮ ಈ ಕೆಲಸ?"

ತೂಕಡಿಸುತ್ತಿದ್ದ ಅಜ್ಜಿ ಕಣ್ಣು ಬಿಟ್ಟು, "ದೊಡ್ಡೋನು ಹುಟ್ಟಿದಾಗಿಂದ ಸ್ವಾಮಿ" ಎಂದರು.

"ಮಕ್ಕಳ ಪ್ರಗತಿ?"

"ದೊಡ್ಡೋನು ಪರವಾಗಿಲ್ಲ. ಚಿಕ್ಕೋನಿಗೆ ಸ್ವಲ್ಪ ಸೋಮಾರಿತನ."

ನಾನು ಮೇಜಿನ ಅಡಿಯಲ್ಲೇ ನಕ್ಕುಬಿಟ್ಟೆ. ತಮ್ಮ ಜೊತೆ ಬಂದಿದ್ದ ಗುಮಾಸ್ತರೂ ನಕ್ಕರು. ತಮ್ಮ ಕಿವಿ ಕೆಂಪಾಯಿತು. ಹೊರಗಿನವರು ಯಾರೂ ಗೇಟು ದಾಟಕೂಡದೆಂಬ ಆದೇಶ ನಿಂತ ನಿಲುವಿನಲ್ಲೇ ಹೊರಟಿತು. ಮಕ್ಕಳ ಸುರಕ್ಷತೆಗೆ ನಿಯಮ ಬೇಕೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಕೋಣೆಯ ಮಟ್ಟಿಗೆ ಹೊರಗಿನವರು ಯಾರಾಗಿದ್ದರು? ಮಕ್ಕಳೆಲ್ಲ 'ಅಜ್ಜಿ' ಎಂದು ಕರೆಯುತ್ತಿದ್ದವರೇ, ಇಲ್ಲ ಶಿಕ್ಷಕಿ ಯಾರೆಂದೇ ತಿಳಿಯದ ತಾವೇ? ಒಂದು ವಾರ ಕೊಡಿ, ಕುರ್ಚಿ ತಾನಾಗಿಯೇ ಹೊರಗೆ ಹೋಗುತ್ತದೆ ಎಂದು ಕೈಮುಗಿದೆ. "ಅತ್ತರೆ ಅಳಲಿ ಬಿಡಿ, ತಾನೇ ಸುಮ್ಮನಾಗುತ್ತೆ" ಎಂದಿರಿ.

ಮಾರನೆಯ ದಿನ ಕಾವಲುಗಾರ ಅಜ್ಜಿಯನ್ನು ಗೇಟಿನಲ್ಲೇ ತಡೆದ. ಅಜ್ಜಿಯ ಕೈ ಹಿಡಿದಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ನಾನು. ತಮ್ಮ ಮಾತು ನಿಜವಾಯಿತು: ಜೀರಿಗೆ ಸುಮ್ಮನಾದಳು. ಚೀಲವನ್ನು ಬೆನ್ನಿನಿಂದ ಇಳಿಸಲಿಲ್ಲ, ಊಟದ ಡಬ್ಬಿ ತೆರೆಯಲಿಲ್ಲ. ಚಡ್ಡಿ ಒದ್ದೆಯಾದರೂ ಯಾರಿಗೂ ಹೇಳದೆ ಕುಳಿತೇ ಇದ್ದಳು. ಕರೆದೆ, ನನ್ನ ಮುಖ ನೋಡಲಿಲ್ಲ. ಅಂದಿನಿಂದ ಅವಳು ಗೇಟಿನ ಒಳಗೆ ಕಾಲಿಟ್ಟಿಲ್ಲ. ಅಜ್ಜಿ ಮಾತ್ರ ದಿನಾ ಕರೆತರುತ್ತಾರೆ. ಇಬ್ಬರೂ ರಸ್ತೆಯ ಆಚೆ ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ. "ಬಿಡಿ ಮಿಸ್, ಮುಂದಿನ ವರ್ಷ ನೋಡೋಣ. ಶಾಲೆ ಅಂದ್ರೆ ನಿದ್ದೇಲಿ ಬೆಚ್ಚಿ ಬೀಳ್ತಾಳೆ" ಎಂದರು ಅವಳ ಅಮ್ಮ. ನನಗೆ ದುಃಖವಾಗಿದೆ, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿದೆ. ಈ ಸೋಮವಾರವೂ ಬರದಿದ್ದರೆ ಹೆಸರು ತೆಗೆದುಹಾಕಬೇಕಂತೆ, ಅದೂ ತಮ್ಮ ನಿಯಮವೇ.

ನನ್ನ ಬೇಡಿಕೆ ಇಷ್ಟೇ. ಸೋಮವಾರದೊಳಗೆ ಆದೇಶವನ್ನು ಹಿಂತೆಗೆದುಕೊಳ್ಳಿ. ಆಗದೆಂದರೆ, ಅಂದು ಬೆಳಿಗ್ಗೆ ತಾವೇ ಗೇಟಿನ ಹತ್ತಿರ ಬನ್ನಿ. ಅವಳ ಕೈ ಬಿಡಿಸುವ ಕೆಲಸವನ್ನು ನಾನು ಇನ್ನೊಮ್ಮೆ ಮಾಡುವುದಿಲ್ಲ. ಕಿರುಬೆರಳಿನಿಂದ ಶುರುಮಾಡಿ, ಅದು ಬೇಗ ಬಿಡುತ್ತದೆ. ಹೆಬ್ಬೆರಳಿಗೆ ಮಾತ್ರ ತಾವು ಸ್ವಲ್ಪ ಬಲ ಹಾಕಬೇಕಾದೀತು.

ಇಂತಿ,
ಇನ್ನೂ ಖಾಯಂ ಆಗದ, ಈ ಪತ್ರದ ನಂತರ ಆಗುವ ಆಸೆಯನ್ನೂ ಬಿಟ್ಟ,
ಒಬ್ಬ ಶಿಶುವಿಹಾರದ ಮಿಸ್