ಸೋದರಮಾವನ ಮಗ

ಶಹಾಪುರ

ಕಾಲೇಜಿನ ಕ್ರೀಡಾ ಸಮಿತಿಯ ಸಭೆಗೆ ಸೇರಿರುವ ಹಿರಿಯರೆಲ್ಲರಿಗೂ ನಮಸ್ಕಾರಗಳು. ನಮ್ಮ ಮೈದಾನಕ್ಕೆ ಬೇಲಿ ಹಾಕಿಸಿಕೊಟ್ಟ ತಮ್ಮ ಉಪಕಾರವನ್ನು ನಾನು ಮರೆತಿಲ್ಲ.

ವಿಶ್ವವಿದ್ಯಾಲಯದ ಎಂಟುನೂರು ಮೀಟರ್ ಓಟದ ಪಟ್ಟಿಯಿಂದ ಪರಿಮಳಾಳ ಹೆಸರನ್ನು ತಾವು ತೆಗೆದುಹಾಕಿದ್ದೀರಿ. ಅಭ್ಯಾಸದಲ್ಲಿ ಅವಳ ಮುಂದೆ ಓಡಿ ವೇಗ ಹಿಡಿಸುವ ದೇವಿಂದ್ರನನ್ನು ತೋರಿಸಿ, "ಇಂವ ನಿನಗ ಏನಾಗ್ಬೇಕವಾ?" ಎಂದು ಅಂದು ಕೇಳಿದವರು ತಾವೇ. "ಸ್ವಾದರಮಾವನ ಮಗ ಆಗ್ಬೇಕ್ರಿ" ಎಂದು ಅವಳು ಹೆದರಿ ಸುಳ್ಳು ಹೇಳಿದಳು.

"ಹಂಗಾದ್ರ ನಾಳಿನ ಗಂಡನ ಬೆನ್ನು ಹತ್ತೀಯಲ್ಲ, ಓಡವಾ ಓಡು" ಎಂದು ನಕ್ಕು ಒಪ್ಪಿದಿರಿ. ಸುಳ್ಳೆಂದು ತಿಳಿದೂ ನಾನು ಅಭ್ಯಾಸ ಮುಂದುವರಿಸಿದೆ.

ಮೊನ್ನೆ ಅವರಿಬ್ಬರೂ ತಾವಾಗಿಯೇ ಬಂದು, "ನಾವು ಸಂಬಂಧಿಕರಲ್ರಿ. ಆದ್ರ ಓದು ಮುಗದ ಮ್ಯಾಲ ಲಗ್ನ ಆಗ್ತೀವ್ರಿ" ಎಂದರು. ಆಗ ತಾವು ಜಾತಿ ಕೇಳಿದಿರಿ, ಮೈದಾನಕ್ಕೆ ಬೀಗ ಹಾಕಿಸಿದಿರಿ. ಸುಳ್ಳಿಗೆ ನಕ್ಕ ಬಾಯಿಗಳೇ ನಿಜಕ್ಕೆ ಉಗುಳಿದ್ದನ್ನು ಕಂಡು ನನಗೆ ಹೇಸಿಗೆಯಾಗಿದೆ.

ಸೋಮವಾರ ಓಟವಿದೆ. ದಯವಿಟ್ಟು ಅವಳ ಹೆಸರನ್ನು ಮತ್ತೆ ಬರೆಯಿರಿ. ನಾಳೆ ಬೆಳಿಗ್ಗೆ ಆರಕ್ಕೆ ನಾವು ಮೂವರೂ ಗೇಟಿನ ಬಳಿ ನಿಂತಿರುತ್ತೇವೆ. ಬೀಗ ತೆಗೆಸಿರಿ, ಅಭ್ಯಾಸ ಶುರುವಾಗಲಿ.

ತಮ್ಮ ವಿಶ್ವಾಸಿ,
ಏಜಾಜ
ದೈಹಿಕ ಶಿಕ್ಷಣ ಅಧ್ಯಾಪಕ